ಕ್ಲಚ್ ಪೆಡಲ್ ಇಲ್ಲದ 911: ಪೋರ್ಷೆ ಸ್ಪೋರ್ಟೊಮ್ಯಾಟಿಕ್‌ನೊಂದಿಗೆ ಒಂಬತ್ತು ವರ್ಷ

1970ರ ಪೋರ್ಷೆ 911 ಟಿ ಕಾರೊಂದು ಒಂಬತ್ತು ವರ್ಷಗಳಿಂದ ನನ್ನ ಬಳಿ ಇದೆ. 2.2 ಲೀಟರ್‌ನ, 125 ಅಶ್ವಶಕ್ತಿಯ, ಗಾಳಿಯಿಂದಲೇ ತಂಪಾಗುವ ಆರು ಸಿಲಿಂಡರಿನ ಎಂಜಿನ್ ಎಂದರೆ ಆ ಕಾಲದ 911 ಬಲ್ಲವರಿಗೆ ಹೊಸದೇನೂ ಅನ್ನಿಸುವುದಿಲ್ಲ. ಆದರೆ ಬಾಗಿಲು ತೆರೆದು ಕಾಲಿಡುವ ಜಾಗವನ್ನು ನೋಡಿದವರು ಒಂದು ಕ್ಷಣ ನಿಂತುಬಿಡುತ್ತಾರೆ: ಅಲ್ಲಿರುವುದು ಎರಡೇ ಪೆಡಲ್. ಗೇರ್ ಲಿವರ್ ಮಾತ್ರ ಇದ್ದಲ್ಲೇ ಇದೆ, ಗೇರನ್ನು ಕೈಯಿಂದಲೇ ಬದಲಾಯಿಸಬೇಕು. 1968ನೇ ಮಾದರಿ ವರ್ಷದಿಂದ 1980ರವರೆಗೆ ಪೋರ್ಷೆ ಕಾರ್ಖಾನೆಯೇ ಹೆಚ್ಚುವರಿ ಆಯ್ಕೆಯಾಗಿ ಕೊಡುತ್ತಿದ್ದ ಸ್ಪೋರ್ಟೊಮ್ಯಾಟಿಕ್ ಇದು.

ಇದನ್ನು ಆಟೊಮ್ಯಾಟಿಕ್ ಎಂದು ಕರೆಯುವುದು ತಪ್ಪು. ಎಂಜಿನ್ ಮತ್ತು ನಾಲ್ಕು ಗೇರಿನ ಪೆಟ್ಟಿಗೆಯ ನಡುವೆ ಎರಡು ಭಾಗಗಳಿವೆ: ಮೊದಲು ಎಣ್ಣೆಯ ಮೂಲಕ ಶಕ್ತಿಯನ್ನು ದಾಟಿಸುವ ಟಾರ್ಕ್ ಕನ್ವರ್ಟರ್, ಅದರ ಹಿಂದೆ ಸಾಮಾನ್ಯವಾದ ಒಂದು ಒಣ ಕ್ಲಚ್ ಪ್ಲೇಟ್. ಎರಡೂ ಫಿಖ್ಟೆಲ್ ಉಂಡ್ ಸಾಕ್ಸ್ ಕಂಪನಿಯ ತಯಾರಿಕೆ. ಲಿವರ್ ಮೇಲೆ ಕೈಯ ಒತ್ತಡ ಬಿದ್ದೊಡನೆ ಅದರ ಬುಡದಲ್ಲಿರುವ ಚಿಕ್ಕ ಸ್ವಿಚ್ ಒಂದು ವಿದ್ಯುತ್ ಕವಾಟವನ್ನು ತೆರೆಯುತ್ತದೆ. ಎಂಜಿನ್ನಿನ ನಿರ್ವಾತ ಸೆಳೆತ ಕ್ಲಚ್ಚನ್ನು ಬಿಡಿಸುತ್ತದೆ. ಕೈ ತೆಗೆದಾಗ ಕ್ಲಚ್ ಮತ್ತೆ ಕೂಡಿಕೊಳ್ಳುತ್ತದೆ. ಕನ್ವರ್ಟರಿಗೆ ಬೇಕಾದ ಎಣ್ಣೆ ಎಂಜಿನ್ನಿನ ಎಣ್ಣೆಯೇ. ಅದನ್ನು ಕ್ಯಾಮ್‌ಶಾಫ್ಟ್‌ನಿಂದ ತಿರುಗುವ ಪ್ರತ್ಯೇಕ ಪಂಪ್ ಒದಗಿಸುತ್ತದೆ, ಹಾಗಾಗಿ ಎಣ್ಣೆ ಬದಲಾಯಿಸುವಾಗ ಬೇರೆ 911ಗಳಿಗಿಂತ ಸುಮಾರು 2 ಲೀಟರ್ ಹೆಚ್ಚು ಬೇಕಾಗುತ್ತದೆ.

ನಾನು ಕಾರು ಓಡಿಸಲು ಕಲಿತದ್ದು ಶಿವಮೊಗ್ಗದಲ್ಲಿ, ಮಾರುತಿ 800ರಲ್ಲಿ. ಆಗುಂಬೆ ಘಾಟಿ ಇಳಿಯುವಾಗಲೂ ಏರುವಾಗಲೂ ಒಂದು ಕೈ ಸದಾ ಗೇರಿನ ಮೇಲೇ ಇರುತ್ತಿತ್ತು. ಜರ್ಮನಿಗೆ ಬಂದ ಮೇಲೆ ಎಡಗೈಯ ಕೆಲಸ ಬಲಗೈಗೆ ಬಂದರೂ ಆ ಅಭ್ಯಾಸ ಹಾಗೆಯೇ ಉಳಿದಿತ್ತು. ಸ್ಪೋರ್ಟೊಮ್ಯಾಟಿಕ್ ಅದನ್ನು ಕ್ಷಮಿಸುವುದಿಲ್ಲ. ತಿರುವಿನ ನಡುವೆ ಕೈ ಸುಮ್ಮನೆ ಲಿವರ್ ಮೇಲೆ ಕುಳಿತರೂ ಕ್ಲಚ್ ಬಿಟ್ಟುಕೊಂಡು, ಚಕ್ರಕ್ಕೆ ಶಕ್ತಿ ಹೋಗದೆ ಎಂಜಿನ್ ಬರಿದೇ ಭೋರೆನ್ನುತ್ತದೆ. ಪಕ್ಕದಲ್ಲಿ ಕುಳಿತವರ ಮೊಣಕಾಲು ತಗುಲಿದರೂ ಹೀಗಾಗುವುದುಂಟು. ಮೊದಲು ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಲಿವರನ್ನು ಒಂದೇ ಚಲನೆಯಲ್ಲಿ ಸರಿಸಿ, ಕೈಯನ್ನು ಪೂರ್ತಿ ಬಿಟ್ಟ ಮೇಲೆಯೇ ಮತ್ತೆ ಕಾಲು ಒತ್ತಬೇಕು. ಈ ಕ್ರಮ ನನಗೆ ಮೈಗೂಡಲು ಸುಮಾರು ಮೂರು ತಿಂಗಳು ಹಿಡಿಯಿತು. ಮೈಗೂಡಿದ ಮೇಲೆ ಮಾತ್ರ ಇದು ಎಷ್ಟು ಯೋಚಿಸಿ ಮಾಡಿದ ಯಂತ್ರ ಎಂಬುದು ತಿಳಿಯುತ್ತದೆ.

ಸ್ಟುಟ್‌ಗಾರ್ಟ್‌ನ ನಡುವಿನಿಂದ ಡೇಗರ್ಲೋಖ್ ಕಡೆಗೆ ಏರುವ ನೋಯೆ ವೈನ್‌ಶ್ಟೈಗ ರಸ್ತೆಯಲ್ಲಿ ಸಂಜೆಯ ವಾಹನ ದಟ್ಟಣೆ ಹೇಗಿರುತ್ತದೆಂದು ಅಲ್ಲಿ ಸಿಕ್ಕಿಕೊಂಡವರೇ ಬಲ್ಲರು. ಅಲ್ಲಿ ನಾನು ಲಿವರನ್ನು ಡಿ ಎಂಬ ಸ್ಥಾನದಲ್ಲಿಟ್ಟು, ಅಂದರೆ ಎರಡನೆಯ ಗೇರಿನಲ್ಲಿ, ಬ್ರೇಕನ್ನಷ್ಟೇ ಒತ್ತುತ್ತ ಬಿಡುತ್ತ ಮೇಲೇರುತ್ತೇನೆ. ಕಾರು ನಿಂತಾಗ ಕನ್ವರ್ಟರ್ ಜಾರಿಕೊಡುತ್ತದೆ, ಎಂಜಿನ್ ಆರುವುದಿಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ಎಲ್ ಎಂಬ ಮೊದಲ ಗೇರು ತೀರಾ ಕಡಿದಾದ ಏರಿಗೆ ಮಾತ್ರ ಬೇಕಾಗುತ್ತದೆ. ಬಾಡ್ ಉರಾಖ್ ಕಡೆಯಿಂದ ಸ್ವಾಬಿಯನ್ ಆಲ್ಬ್ ಬೆಟ್ಟಸಾಲನ್ನು ಹತ್ತುವಾಗ ಅದೇ ಕಾರು ಬೇರೆ ಗುಣ ತೋರಿಸುತ್ತದೆ: ತಿರುವಿನಿಂದ ಹೊರಬರುವಾಗ ಕನ್ವರ್ಟರ್ ತಳ್ಳುವ ರೀತಿ ಮೃದು, ಆದರೆ ದೃಢ. ಮ್ಯಾನುಯಲ್ 911ರಷ್ಟು ಚುರುಕು ಇದಕ್ಕಿಲ್ಲ, ನಿಂತಲ್ಲಿಂದ ಹೊರಡುವಾಗಲಂತೂ ವ್ಯತ್ಯಾಸ ಸ್ಪಷ್ಟ. ಒಂಬತ್ತು ವರ್ಷಗಳಲ್ಲಿ ಈ ಕೊರತೆ ನನ್ನನ್ನು ಕಾಡಿದ್ದು ಕಡಿಮೆ.

ಇಷ್ಟು ಚೆನ್ನಾಗಿದ್ದರೆ ಇವು ಇಷ್ಟು ವಿರಳವೇಕೆ ಎಂದು ಕೇಳುವವರಿದ್ದಾರೆ. ಸಾಮರ್ಥ್ಯದ ಕೊರತೆ ಖಂಡಿತ ಕಾರಣವಲ್ಲ. 1967ರ ಆಗಸ್ಟ್‌ನಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ರೇಸ್ ಪಥದಲ್ಲಿ 84 ಗಂಟೆ ನಡೆದ ಮ್ಯಾರಥಾನ್ ದ ಲಾ ರೂಟ್ ಸ್ಪರ್ಧೆಯನ್ನು ಇದೇ ವ್ಯವಸ್ಥೆಯಿದ್ದ 911 ಆರ್ ಗೆದ್ದಿತ್ತು. ಓಡಿಸಿದವರು ವಿಕ್ ಎಲ್ಫರ್ಡ್, ಹಾನ್ಸ್ ಹೆರ್ಮಾನ್ ಮತ್ತು ಯೋಖೆನ್ ನೇರ್‌ಪಾಶ್. ಆದರೆ 911 ಕೊಳ್ಳುವವರಿಗೆ ಕ್ಲಚ್ ಒತ್ತುವುದೇ ಸುಖದ ಒಂದು ಭಾಗವಾಗಿತ್ತು. ಪೂರ್ತಿ ಆರಾಮ ಬೇಕಾದವರಿಗೆ ಗೇರ್ ಬದಲಾಯಿಸುವ ಕೆಲಸ ಇನ್ನೂ ಉಳಿದಿತ್ತು. ಆ ಕಾಲದ ಎನ್‌ಎಸ್‌ಯು ಆರ್‌ಒ 80 ಕಾರಿನಲ್ಲಿಯೂ ಇಂಥದೇ ವ್ಯವಸ್ಥೆಯಿತ್ತು, ಆದರೆ ಅಲ್ಲಿ ಬೇರೆ ಆಯ್ಕೆಯೇ ಇರಲಿಲ್ಲವಾದ್ದರಿಂದ ಅದನ್ನು ಯಾರೂ ವಿರಳವೆನ್ನುವುದಿಲ್ಲ. 1976ರ ಫೆರಾರಿ 400ರ ಕಥೆಯಂತೂ ತಿರುಗುಮುರುಗು: ಜನರಲ್ ಮೋಟರ್ಸ್‌ನ ಮೂರು ಗೇರಿನ ಆಟೊಮ್ಯಾಟಿಕ್ ಹೆಚ್ಚು ಮಾರಾಟವಾಗಿ, ಇಂದು ಹುಡುಕಬೇಕಾಗಿರುವುದು ಮ್ಯಾನುಯಲ್ ಕಾರನ್ನು.

ಕಾರ್ಖಾನೆ ತಯಾರಿಸಿದ್ದೇ ಕಡಿಮೆ ಎಂಬುದು ಒಂದಾದರೆ, ತಯಾರಿಸಿದ್ದನ್ನು ಆಮೇಲಿನ ಮಾಲೀಕರು ಕಿತ್ತುಹಾಕಿದ್ದು ಇನ್ನೊಂದು. ಅದೆಷ್ಟೋ ಸ್ಪೋರ್ಟೊಮ್ಯಾಟಿಕ್ ಕಾರುಗಳು ಮೂರು ಪೆಡಲಿನವಾಗಿ ಬದಲಾಗಿವೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ, ಏಕೆಂದರೆ ನನ್ನ ಕಾರೂ ಹಾಗಾಗುವುದರಲ್ಲಿತ್ತು. ಕೊಂಡ ಎರಡನೆಯ ವರ್ಷ ಎರಡರಿಂದ ಮೂರನೆಯ ಗೇರಿಗೆ ಹೋಗುವಾಗ ಕರಕರ ಸದ್ದು ಶುರುವಾಯಿತು. ಒಂದು ಗ್ಯಾರೇಜಿನವರು ಗೇರ್ ಪೆಟ್ಟಿಗೆಯೊಳಗೆ ಗೇರುಗಳ ವೇಗವನ್ನು ಹೊಂದಿಸುವ ಸಿಂಕ್ರೊ ಬಳೆಗಳು ಸವೆದಿವೆ ಎಂದು ತೀರ್ಮಾನಿಸಿ, ಹೇಗೂ ಬಿಚ್ಚಬೇಕಲ್ಲ, ಮ್ಯಾನುಯಲ್ ಹಾಕಿಬಿಡೋಣ ಎಂದು ಅಂದಾಜು ಪಟ್ಟಿಯನ್ನೂ ಕೊಟ್ಟರು. ನಾನು ಒಪ್ಪದೆ ವಾಪಸು ತಂದೆ. ಈ ಕಾರುಗಳಲ್ಲೇ ಕೈ ಪಳಗಿಸಿದ್ದ, ನಿವೃತ್ತರಾದ ಹಿರಿಯ ಮೆಕ್ಯಾನಿಕ್ ಒಬ್ಬರು ಬಂದು ನೋಡಿ, ಗೇರ್ ಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ. ನಿರ್ವಾತದ ರಬ್ಬರ್ ಕೊಳವೆಯೊಂದು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಸೆಳೆತ ಸಾಲದೆ ಕ್ಲಚ್ ಪೂರ್ತಿ ಬಿಡುತ್ತಿರಲಿಲ್ಲ. ಕೊಳವೆಗಳನ್ನೆಲ್ಲ ಬದಲಾಯಿಸಿ, ಲಿವರಿನ ಸ್ವಿಚ್ಚನ್ನು ಶುಚಿಗೊಳಿಸಿ, ಕ್ಲಚ್ಚಿನ ಸಡಿಲವನ್ನು ಅಳತೆಗೆ ತಂದರು. ಆ ಸದ್ದು ಇಂದಿನವರೆಗೂ ಮರಳಿಲ್ಲ. ಈ ಹೊಂದಾಣಿಕೆಯನ್ನು ಬಲ್ಲ ಕೈಗಳು ವರ್ಷ ವರ್ಷ ಕಡಿಮೆಯಾಗುತ್ತಿರುವುದು ಬಿಡಿಭಾಗಗಳ ಕೊರತೆಗಿಂತ ದೊಡ್ಡ ಚಿಂತೆ. ಅವರು ಮಾಡಿದ್ದನ್ನು ಹಂತ ಹಂತವಾಗಿ ಚಿತ್ರ ತೆಗೆದು ಬರೆದಿಟ್ಟುಕೊಂಡಿದ್ದೇನೆ. ಈಗ ವರ್ಷಕ್ಕೊಮ್ಮೆ ನಾನೇ ಪರೀಕ್ಷಿಸುತ್ತೇನೆ.

ಖರ್ಚಿನ ವಿಷಯದಲ್ಲಿ ಹೇಳುವುದು ಸ್ವಲ್ಪವೇ. ಮೂವತ್ತು ವರ್ಷ ದಾಟಿದ ಕಾರಿಗೆ ಜರ್ಮನಿಯಲ್ಲಿ ಹಳೆಯ ಕಾರುಗಳಿಗೆಂದೇ ಇರುವ ಎಚ್ ನೋಂದಣಿ ಫಲಕ ಸಿಗುತ್ತದೆ, ವರ್ಷದ ತೆರಿಗೆ 191 ಯೂರೊ. ವಿರಳವೆಂದ ಮಾತ್ರಕ್ಕೆ ಬೆಲೆ ಹೆಚ್ಚೆಂದು ಭಾವಿಸಬೇಡಿ. ನಾನು ಕೊಳ್ಳುವಾಗ ಅಂಥದೇ ಮ್ಯಾನುಯಲ್ ಕಾರು ಇದಕ್ಕಿಂತ ತುಟ್ಟಿಯಾಗಿತ್ತು. ಲಾಭಕ್ಕೆಂದು ಕೊಳ್ಳುವವರಿಗೆ ನಾನು ಇದನ್ನು ಸೂಚಿಸಲಾರೆ.

ಓಡಿಸಲೆಂದೇ ಕೊಳ್ಳುವುದಾದರೆ, ಕಾರು ನಿಂತಿರುವಾಗ ಬ್ರೇಕ್ ಒತ್ತಿ, ಗೇರಿನಲ್ಲಿಟ್ಟು, ಲಿವರನ್ನು ಮೆಲ್ಲಗೆ ಮುಟ್ಟಿ ನೋಡಿ: ಕ್ಲಚ್ ತಡವಿಲ್ಲದೆ ಬಿಡಬೇಕು. ಕೆಳಗೆ ಬಗ್ಗಿ, ಎಂಜಿನ್ ಮತ್ತು ಗೇರ್ ಪೆಟ್ಟಿಗೆ ಸೇರುವಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದೆಯೇ ನೋಡಿ. ಕನ್ವರ್ಟರಿನ ಸೀಲ್ ಸೋರಿದರೆ ಎಣ್ಣೆ ಕ್ಲಚ್ಚಿಗೆ ತಗುಲುತ್ತದೆ, ಆಗ ಎಂಜಿನ್ನನ್ನು ಇಳಿಸದೆ ದಾರಿಯಿಲ್ಲ. ಬ್ಯಾಟರಿಯ ಕಡೆ ಗಮನವಿರಲಿ, ತಳ್ಳಿ ಸ್ಟಾರ್ಟ್ ಮಾಡಲು ಈ ಕಾರಿನಲ್ಲಿ ಬರುವುದಿಲ್ಲ. ನನ್ನ ಕಾರಿನ ಸೀಲ್ ಈಗ ಸಣ್ಣಗೆ ಜಿನುಗತೊಡಗಿದೆ. ಈ ಚಳಿಗಾಲದಲ್ಲಿ ಎಂಜಿನ್ ಇಳಿಸಿ ಅದನ್ನು ಬದಲಾಯಿಸಲಿದ್ದೇನೆ, ಪೆಡಲ್‌ಗಳು ಎರಡೇ ಇರುತ್ತವೆ.