ಮಿಠಾಯಿ ಬಾಕ್ಸಿಗೆ ಮೂರು ದಾರಿ: ಸ್ಟಿಕ್ಕರ್, ಆನ್‌ಲೈನ್, ಸುಲ್ತಾನ್‌ಪೇಟೆ ಪ್ರೆಸ್

ತಿಪಟೂರಿನ ನಮ್ಮ ಮನೆಯಲ್ಲಿ ಕೊಬ್ಬರಿ ಮಿಠಾಯಿ ಮಾಡಿ ಮಾರಲು ಶುರು ಮಾಡಿ ಮೂರು ವರ್ಷ ಆಯಿತು. ಅಷ್ಟರಲ್ಲಿ ಕಾಲು ಕೆಜಿ ಬಾಕ್ಸನ್ನು ಮೂರು ಥರ ಮಾಡಿಸಿದ್ದೇನೆ. ಮೊದಲು ಸಾದಾ ಬಾಕ್ಸಿಗೆ ಸ್ಟಿಕ್ಕರ್. ಆಮೇಲೆ ಆನ್‌ಲೈನಿನಲ್ಲಿ ಪ್ರಿಂಟ್ ಮಾಡಿಸಿದ್ದು. ಈಗ ಬೆಂಗಳೂರಿನ ಸುಲ್ತಾನ್‌ಪೇಟೆಯ ಒಂದು ಪ್ರೆಸ್. ಬಾಕ್ಸಿನ ಮೇಲೆ ಕನ್ನಡ ಬೇಕು ಅನ್ನುವವರಿಗೆ ನಾನು ಹೇಳುವುದು ಒಂದೇ: ಪ್ರೆಸ್ಸಿಗೆ ಹೋಗಿ, ಆಪರೇಟರ್ ಪಕ್ಕದಲ್ಲೇ ಕೂತು ಮಾಡಿಸಿ.

ಕಳೆದ ದೀಪಾವಳಿಗೆ ಒಂದು ಆನ್‌ಲೈನ್ ಸೈಟಿನಲ್ಲಿ 200 ಬಾಕ್ಸ್ ಆರ್ಡರ್ ಮಾಡಿದ್ದೆ. ಒಂದಕ್ಕೆ 24 ರೂಪಾಯಿ. ಹೆಸರನ್ನು ಮೊಬೈಲಿನಲ್ಲೇ ಟೈಪ್ ಮಾಡಿ ಅವರ ಡಿಸೈನಿನಲ್ಲಿ ಕೂರಿಸಿದೆ. ಸ್ಕ್ರೀನ್ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಹಬ್ಬಕ್ಕೆ ಆರು ದಿನ ಇರುವಾಗ ಬಂಡಲ್ ಬಂತು. ಬಿಚ್ಚಿ ನೋಡಿದರೆ ‘ಕೊಬ್‌ಬರಿ ಮಿಠಾಯಿ’! ಬ ಕೆಳಗೆ ಇರಬೇಕಾದ ಒತ್ತು ಪಕ್ಕಕ್ಕೆ ಬಂದು ಇನ್ನೊಂದು ಪೂರ್ತಿ ಬ ಆಗಿ ನಿಂತಿತ್ತು. ಅದರ ಕೆಳಗೆ ‘ಅಜ್‌ಜಿ ಕೈರುಚಿ’. 200 ಬಾಕ್ಸಲ್ಲೂ ಹಾಗೇ. ನಮ್ಮ ಅತ್ತೆ ಒಂದನ್ನು ಕೈಗೆ ತೆಗೆದುಕೊಂಡು, ಬೆರಳಿಟ್ಟು ಓದಿ, ‘ಏನಮ್ಮಾ ಇದು, ಒತ್ತೇ ಇಲ್ಲವಲ್ಲ’ ಅಂದರು. ನನಗೆ ಅಳುವೇ ಬಂತು.

ಫೋನ್ ಮಾಡಿದರೆ, ನೀವು ಒಪ್ಪಿದ ಡಿಸೈನನ್ನೇ ಪ್ರಿಂಟ್ ಮಾಡಿದ್ದೇವೆ, ಹೆಸರು ಹಾಕಿಸಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದರು. ರಾತ್ರಿ ಕೂತು 200 ಬಾಕ್ಸಿಗೂ ಹಳೇ ಸ್ಟಿಕ್ಕರ್ ಮೆತ್ತಿದೆವು. 4,800 ರೂಪಾಯಿ ಕೊಟ್ಟು ಮತ್ತೆ ಸ್ಟಿಕ್ಕರಿಗೇ ಬಂದ ಹಾಗಾಯಿತು.

ಯಾಕೆ ಹೀಗಾಗುತ್ತದೆ ಅಂತ ಬಿಡಿಸಿ ಹೇಳಿದ್ದು ಪ್ರೆಸ್ಸಿನ ಆಪರೇಟರ್. ಮೊಬೈಲಿನಲ್ಲಿ ನಾವು ಟೈಪ್ ಮಾಡುವುದು ಯೂನಿಕೋಡ್. ಅದರಲ್ಲಿ ಬ್ ಮತ್ತು ಬ ಬೇರೆ ಬೇರೆಯಾಗಿಯೇ ಇರುತ್ತವೆ, ಸೇರಿಸಿ ಒತ್ತು ಮಾಡಿ ತೋರಿಸುವುದು ಸಾಫ್ಟ್‌ವೇರಿನ ಕೆಲಸ. ಡಿಸೈನ್ ಸಾಫ್ಟ್‌ವೇರ್ ಹಳೆಯದಾದರೆ, ಇಲ್ಲಾ ಭಾರತೀಯ ಲಿಪಿಯ ಸೆಟ್ಟಿಂಗ್ ಹಾಕದಿದ್ದರೆ, ಅಕ್ಷರ ಒಡೆದು ಹೋಗುತ್ತದೆ. ಅದಕ್ಕೇ ಎಷ್ಟೋ ಪ್ರೆಸ್‌ಗಳಲ್ಲಿ ಈಗಲೂ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಹೊಸದಾಗಿ ಟೈಪ್ ಮಾಡಿಕೊಳ್ಳುತ್ತಾರೆ. ಅದರಲ್ಲಿ ಒತ್ತೂ ಒಂದು ಬೇರೆ ಅಕ್ಷರದ ಥರ ಕೂತಿರುತ್ತದೆ, ಒಡೆಯುವುದಿಲ್ಲ. ಟೈಪ್ ಆದ ಮೇಲೆ ‘ಕರ್ವ್ಸ್’ ಮಾಡುತ್ತಾರೆ. ಅಂದರೆ ಅಕ್ಷರ ಚಿತ್ರ ಆಗಿಬಿಡುತ್ತದೆ. ಆಮೇಲೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಫಾಂಟಿನ ತಂಟೆ ಇಲ್ಲ. ಆನ್‌ಲೈನಿನಲ್ಲೇ ಮಾಡಿಸುತ್ತೀರಾ? ಹಾಗಾದರೆ ಕನ್ನಡ ಪೂರ್ತಿ ಕರ್ವ್ಸ್ ಮಾಡಿಸಿದ ಪಿಡಿಎಫ್ ಕಳಿಸಿ, ಅಲ್ಲಿ ಟೈಪ್ ಮಾತ್ರ ಮಾಡಬೇಡಿ.

ಪ್ರೆಸ್ಸಿನಲ್ಲಿ ನನಗೆ ತುಂಬಾ ಹಿಡಿಸಿದ್ದು ಡಮ್ಮಿ. ಪ್ರಿಂಟ್ ಇಲ್ಲದ ಅದೇ ಬೋರ್ಡನ್ನು ಕತ್ತರಿಸಿ, ಮಡಿಸಿ, ಕೈಗೆ ಕೊಟ್ಟರು. ಮನೆಯಿಂದ ಒಯ್ದಿದ್ದ ಮಿಠಾಯಿ ಜೋಡಿಸಿ ನೋಡಿದೆ. ಬಟರ್ ಪೇಪರ್ ಹಾಕಿದ ಮೇಲೆ ಮುಚ್ಚಳ ಕೂರಲಿಲ್ಲ. ಎತ್ತರ 3 ಮಿಲಿಮೀಟರ್ ಜಾಸ್ತಿ ಮಾಡಿಸಿದೆ. ಅಳತೆ ಹೇಳುವಾಗ ಒಳಗಿನದೋ ಹೊರಗಿನದೋ ಅಂತ ಬಾಯಿಬಿಟ್ಟು ಹೇಳಿ. 350 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಗುವ) ಬೋರ್ಡ್, ಒಳಗೂ ಬಿಳಿ ಇರುವುದನ್ನೇ ತೆಗೆದುಕೊಂಡೆ. ಹಿಂಬದಿ ಬೂದು ಇರುವುದು ಅಗ್ಗ, ಆದರೆ ತಿನ್ನುವ ಪದಾರ್ಥಕ್ಕೆ ನನಗೆ ಮನಸ್ಸು ಬರಲಿಲ್ಲ.

ಲ್ಯಾಮಿನೇಷನ್ ಮಾಡಿಸುವವರು ಒಂದು ನೆನಪಿಡಿ: ಗ್ಲಾಸಿ ಮೇಲೆ ತಾರೀಕಿನ ಸೀಲ್ ಹೊಡೆದರೆ ಇಂಕು ಒಣಗುವುದಿಲ್ಲ, ಬೆರಳಿಗೆ ಅಂಟುತ್ತದೆ. ನಾನು ಲ್ಯಾಮಿನೇಷನ್ನೇ ಬಿಟ್ಟೆ. ಹಸಿರು ಚುಕ್ಕೆ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಪ್ರಿಂಟಿನಲ್ಲೇ ಇವೆ. ತಾರೀಕಿಗೂ ಬೆಲೆಗೂ ಖಾಲಿ ಜಾಗ ಬಿಡಿಸಿದ್ದೇನೆ.

ಪ್ರೆಸ್ಸಿನ ತೊಂದರೆ ಅಂದರೆ 1,000ಕ್ಕಿಂತ ಕಮ್ಮಿ ಆದರೆ ಗಿಟ್ಟುವುದಿಲ್ಲ. ಒಂದಕ್ಕೆ 11 ರೂಪಾಯಿ, ಬೋರ್ಡನ್ನು ಬಾಕ್ಸಿನ ಆಕಾರಕ್ಕೆ ಕತ್ತರಿಸುವ ಅಚ್ಚು, ಅಂದರೆ ಡೈಗೆ ಬೇರೆ 2,500. ಎರಡು ಸಲ ರೈಲು ಹತ್ತಬೇಕಾಯಿತು. ಬಾಕ್ಸ್‌ಗಳು ಮಡಿಸದೆ ಚಪ್ಪಟೆಯಾಗಿ ಬರುತ್ತವೆ, ಅಟ್ಟದ ಮೇಲೆ ಎರಡು ಕಟ್ಟಿನಲ್ಲಿ ಮುಗಿಯಿತು.

ಸ್ಟಿಕ್ಕರ್ ಕೆಟ್ಟದ್ದೇನಲ್ಲ. ಬಾಕ್ಸ್, ಸ್ಟಿಕ್ಕರ್ ಸೇರಿ ಆರೂವರೆ ರೂಪಾಯಿ. ತಿಂಗಳಿಗೆ ಐವತ್ತು ಬಾಕ್ಸ್ ಹೋಗುವವರಿಗೆ ಅದೇ ಸಾಕು. ತುಪ್ಪದ ಕೈ ತಾಗಿದರೆ ಮೂಲೆ ಏಳುತ್ತದೆ, ಅಷ್ಟೇ. ನಮ್ಮಲ್ಲಿ ಈಗ ತಿಂಗಳಿಗೆ 150 ಹೋಗುತ್ತವೆ. ಸಾವಿರ ಬಾಕ್ಸ್ ಆರೇಳು ತಿಂಗಳು ಬರುತ್ತದೆ. ಡೈ ಪ್ರೆಸ್ಸಿನಲ್ಲೇ ಇದೆ, ಮುಂದಿನ ಸಲಕ್ಕೆ ಆ 2,500 ಕೊಡಬೇಕಾಗಿಲ್ಲ. ಮೊದಲ ಕಟ್ಟು ಬಿಚ್ಚಿದ ದಿನ ಅತ್ತೆ ಕನ್ನಡಕ ಹಾಕಿಕೊಂಡು ಬಂದು ಕೊಬ್ಬರಿಯ ಒತ್ತನ್ನೇ ಮೊದಲು ನೋಡಿದರು.