ಹಡಗಿನ ಮೇಜು, ಹಡಗಿನ ಗೋಡೆ: ಗೋಕುಲ ರಸ್ತೆಯ ಅಂಗಡಿಯೊಂದರ ಕುರಿತು

ಗುಜರಾತಿನ ಅಲಂಗ್ ತೀರದಲ್ಲಿ ಒಡೆದ ಹಡಗುಗಳ ಸಾಮಾನು ತಂದು ಮಾರುವ ಅಂಗಡಿಯೊಂದು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಳಭಾಗದಲ್ಲಿದೆ. ಧಾರವಾಡದ ನಮ್ಮ ಮನೆಯ ಓದುಕೋಣೆಗೆಂದು ಕಳೆದ ತಿಂಗಳು ಅಲ್ಲಿ ಒಂದು ಮೇಜನ್ನೂ, ಅಡ್ಡಗೋಡೆಗಾಗಿ ಎರಡು ಕ್ಯಾಬಿನ್ ಹಲಗೆಗಳನ್ನೂ ಕೊಂಡೆ.

ಮೇಜಿನ ವಿಷಯದಲ್ಲಿ ಎರಡು ಮಾತಿಲ್ಲ. ಅಪ್ಪಟ ಸಾಗವಾನಿ, ಲೋಟ ಉರುಳದಂತೆ ಅಂಚಿನ ಸುತ್ತ ಬೆರಳೆತ್ತರದ ಪಟ್ಟಿಯಿದೆ, ಹಡಗು ಹೊಯ್ದಾಡಿದರೂ ಸರಿಯದಂತೆ ಕಾಲುಗಳನ್ನು ನೆಲಕ್ಕೆ ಬಿಗಿದಿದ್ದ ಬೋಲ್ಟಿನ ತೂತುಗಳು ಹಾಗೆಯೇ ಉಳಿದಿವೆ. ಬೋಲ್ಟು ಬಿಚ್ಚಿದರೆ ಸಾಕಿದ್ದುದರಿಂದ ಮೇಜಿಗೆ ಒಂದು ಗೀರೂ ಬಿದ್ದಿಲ್ಲ.

ಹಲಗೆಗಳ ಕಥೆ ಬೇರೆ. ಎರಡು ತಗಡುಗಳ ನಡುವೆ ಬೆಂಕಿ ತಡೆಯುವ ನಾರನ್ನು ಅಂಟಿನಿಂದ ಕೂಡಿಸಿರುವ ಇವನ್ನು ಬಿಚ್ಚುವ ದಾರಿಯೇ ಇಲ್ಲದೆ ಮೀಟಿ ಕಿತ್ತಿದ್ದಾರೆ. ಒಂದರ ಮೂಲೆ ಬಾಯಿಬಿಟ್ಟು ಬೂದುಬಣ್ಣದ ನಾರು ಹೊರಗೆ ಇಣುಕುತ್ತಿದೆ. ತೂತು ಕೊರೆಯಲು ಬಂದ ಬಡಗಿ "ಇದರಾಗ ಏನೈತ್ರಿ ಸರ?" ಎಂದು ಕೈ ತಡೆದ. ಅದನ್ನೇ ಅಂಗಡಿಗೆ ಫೋನ್ ಮಾಡಿ ಕೇಳಿದರೆ "ಹಡಗಿನ ಮಾಲ್ ರೀ, ಏನೂ ಆಗಂಗಿಲ್ಲ" ಎಂಬ ಉತ್ತರ ಬಂತು. ಹಡಗುಗಳಲ್ಲಿ ಹೊಸದಾಗಿ ಕಲ್ನಾರು (ಆಸ್ಬೆಸ್ಟಾಸ್, ಪುಡಿ ಉಸಿರಿನೊಡನೆ ಒಳಹೋದರೆ ಶ್ವಾಸಕೋಶ ಕೆಡಿಸುವ ನಾರು) ಅಳವಡಿಸುವುದಕ್ಕೆ ಪೂರ್ಣ ನಿಷೇಧ ಬಂದದ್ದೇ 2011ರಲ್ಲಿ; ಅದಕ್ಕೂ ಮೊದಲಿನ ಹಡಗಿನ ಹಲಗೆಯಾಗಿದ್ದರೆ ಈ ಉತ್ತರವನ್ನು ನಂಬಿ ಡ್ರಿಲ್ ಹಚ್ಚಲಾಗದು.

2009ರಲ್ಲಿ ಒಪ್ಪಿತವಾಗಿ 2025ರ ಜೂನ್ 26ರಂದು ಜಾರಿಗೆ ಬಂದ, ಹಡಗುಗಳನ್ನು ಸುರಕ್ಷಿತವಾಗಿ ಒಡೆಯುವ ಕುರಿತ ಅಂತರರಾಷ್ಟ್ರೀಯ ಹಾಂಗ್‌ಕಾಂಗ್ ಒಪ್ಪಂದದ ಪ್ರಕಾರ, 500 ಗ್ರಾಸ್ ಟನ್ನೇಜ್‌ಗೆ (ಹಡಗಿನ ಒಳಗಾತ್ರದ ಅಳತೆ) ಕಡಿಮೆಯಿಲ್ಲದ ಹೊಸ ಹಡಗುಗಳು ಯಾವ ಅಪಾಯಕಾರಿ ವಸ್ತು ಎಲ್ಲಿ, ಎಷ್ಟಿದೆ ಎಂಬ ಪಟ್ಟಿಯನ್ನು ಕಟ್ಟಿದಂದಿನಿಂದಲೇ ಇಟ್ಟುಕೊಳ್ಳಬೇಕು. ಭಾರತವೂ 2019ರಲ್ಲಿ ಇದಕ್ಕೆ ಸೇರಿ, ಅದೇ ವರ್ಷ ಕಾನೂನು ಮಾಡಿತು. ಒಡೆಯುವ ಕಾರ್ಮಿಕನಿಗೆ ಇದು ದೊಡ್ಡ ರಕ್ಷಣೆ, ನಿಜ. ಆದರೆ ಪಟ್ಟಿ ಬರೆದ ಮಾತ್ರಕ್ಕೆ ಅಂಟು ಬಿಡುವುದಿಲ್ಲ. ಗೋಡೆಯನ್ನು ಅಂಟಿಸಬೇಕೋ ಬೋಲ್ಟಿನಿಂದ ಬಿಗಿಯಬೇಕೋ, ಒಳಗಿನ ವಸ್ತುವಿನ ಹೆಸರನ್ನು ಹಲಗೆಯ ಮೇಲೇ ಅಚ್ಚೊತ್ತಬೇಕೋ ಎಂಬುದನ್ನು ನಕ್ಷೆ ಬರೆಯುವವರು ಹಡಗು ನೀರಿಗಿಳಿಯುವ ಮೊದಲೇ ತೀರ್ಮಾನಿಸಬೇಕು.

ಅಂಗಡಿಯಲ್ಲಿ ಬೆಲೆ ಚೌಕಾಸಿಗೆ ಒಗ್ಗುತ್ತದೆ, ಟೆಂಪೊ ಅದೇ ದಿನ ಬರುತ್ತದೆ, ಮಾಲು ಹಿಂದಿರುಗಿಸಿಕೊಳ್ಳುವುದಿಲ್ಲ. ಕಟ್ಟಿಗೆ, ಹಿತ್ತಾಳೆಯ ವಸ್ತುಗಳನ್ನು ಧೈರ್ಯವಾಗಿ ಕೊಳ್ಳಬಹುದು. ಪದರದ ಹಲಗೆಗಳನ್ನು ಮಾತ್ರ, ಹಡಗಿನ ಹೆಸರನ್ನೂ ಕಟ್ಟಿದ ವರ್ಷವನ್ನೂ ಬಿಲ್ಲಿನ ಮೇಲೆ ಬರೆದುಕೊಟ್ಟರಷ್ಟೇ ಕೊಳ್ಳಿರಿ. ನನ್ನವು ಪ್ಲಾಸ್ಟಿಕ್ ಸುತ್ತಿಕೊಂಡು ಹಿತ್ತಲಿನಲ್ಲಿವೆ. ಹಡಗಿನ ಹೆಸರು ತಿಳಿಸುತ್ತೇವೆಂದವರ ಫೋನ್ ಇನ್ನೂ ಬಂದಿಲ್ಲ.