ಅಂಗಡಿಯವರು ಹೇಳಿದ್ದು, ವೆಬ್‌ಸೈಟ್ ತೋರಿಸಿದ್ದು, ಪಟ್ಟಿಯಲ್ಲಿದ್ದದ್ದು: ಒಂದು ವರ್ಷ ಓದಿ ನೋಡಿದೆ

ಮನೆಯಲ್ಲಿ ಅರ್ಧ ಓದಿ ಬಿಟ್ಟ ಪುಸ್ತಕಗಳ ಸಾಲು ಬೆಳೆಯುತ್ತಲೇ ಇತ್ತು. ಒಂದು ದಿನ ಕೂತು ಎಣಿಸಿದೆ. 23 ಇದ್ದವು. ಹೆಚ್ಚಿನವುಗಳಲ್ಲಿ ಎಲ್ಲೋ 30ನೇ ಪುಟ, 40ನೇ ಪುಟದ ಹತ್ತಿರ ಒಂದು ಚೀಟಿ ಸಿಕ್ಕಿಕೊಂಡಿತ್ತು. ಎಲ್ಲವನ್ನೂ ಯಾರೋ ಚೆನ್ನಾಗಿದೆ ಅಂದರು ಅಂತಲೇ ತಂದದ್ದು. ಹಾಗಾದರೆ ಯಾರ ಮಾತು ಕೇಳಿ ತಂದರೆ ನಾನು ಕೊನೆಯ ಪುಟ ಮುಟ್ಟುತ್ತೇನೆ? ನೋಡೇ ಬಿಡೋಣ ಅಂತ ಒಂದು ವರ್ಷ ಲೆಕ್ಕ ಇಟ್ಟು ಓದಿದೆ.

ಒಟ್ಟು 15 ಪುಸ್ತಕ. ಐದು, ಒಬ್ಬರೇ ಮಾಲೀಕರಿರುವ ಸಣ್ಣ ಪುಸ್ತಕದಂಗಡಿಯಲ್ಲಿ ಅವರು ಹೇಳಿದ್ದು. ಐದು, ಆನ್‌ಲೈನ್ ಅಂಗಡಿ ‘ನಿಮಗಾಗಿ’ ಅಂತ ತೋರಿಸಿದ್ದು. ಇನ್ನೈದು, ಅತಿ ಹೆಚ್ಚು ಮಾರಾಟವಾದ ಪುಸ್ತಕಗಳ ಪಟ್ಟಿಯಿಂದ ತೆಗೆದದ್ದು. 60 ಪುಟ ಓದಲೇಬೇಕು, ಆಮೇಲೆ ಬೇಡ ಅನಿಸಿದರೆ ಬಿಡಬಹುದು. ಇಷ್ಟೇ ನಿಯಮ.

ಪಟ್ಟಿಯ ಕಥೆ ಬೇಗ ಮುಗಿಯುತ್ತದೆ. ಐದರಲ್ಲಿ ಎರಡು ಮುಗಿಸಿದೆ. ಒಂದು ನಿಜಕ್ಕೂ ಚೆನ್ನಾಗಿತ್ತು, ಇನ್ನೊಂದನ್ನು ಸುಮ್ನೆ ಕೊಲೆ ಮಾಡಿದ್ದು ಯಾರು ಅಂತ ತಿಳಿಯುವ ಆಸೆಗೆ ಓದಿದೆ. ಈ ಪಟ್ಟಿಗಳು ಹೇಗೆ ಆಗುತ್ತವೆ ಅಂತ ಸ್ವಲ್ಪ ತಿಳಿದುಕೊಂಡ ಮೇಲೆ ಯಾಕೆ ಹೀಗಾಯಿತು ಅನ್ನುವುದು ಅರ್ಥವಾಯಿತು. ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 1931ರಲ್ಲೇ ಇಂಥ ಪಟ್ಟಿ ಶುರು ಮಾಡಿತು. ಮೊದಲು ಅದು ನ್ಯೂಯಾರ್ಕ್ ಊರಿನ ಮಾರಾಟವನ್ನಷ್ಟೇ ನೋಡುತ್ತಿತ್ತು. ಇಂಥ ಪಟ್ಟಿ ಎಣಿಸುವುದು ಆ ವಾರ ಎಷ್ಟು ಪ್ರತಿ ಮಾರಾಟವಾಯಿತು ಅನ್ನುವುದನ್ನು. ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಿಸಿಕೊಂಡ ಪ್ರತಿಗಳೂ ಪುಸ್ತಕ ಹೊರಬಂದ ವಾರದ ಲೆಕ್ಕಕ್ಕೆ ಸೇರುತ್ತವೆ. ಅಂದರೆ ಒಂದು ಪುಸ್ತಕ ಮೊದಲ ಸ್ಥಾನಕ್ಕೆ ಬರುವ ಹೊತ್ತಿಗೆ ಅದನ್ನು ಕೊಂಡವರಲ್ಲಿ ಬಹಳ ಜನ ಇನ್ನೂ ಬಿಚ್ಚಿಯೂ ನೋಡಿರುವುದಿಲ್ಲ! ಎಷ್ಟು ಜನ ಓದಿ ಮುಗಿಸಿದರು ಅನ್ನುವ ಲೆಕ್ಕ ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ ಲೆಕ್ಕ.

ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಎಲ್ಲರೂ ಮಾತಾಡುತ್ತಿರುವ ಪುಸ್ತಕ ಓದಿದರೆ ನಾಲ್ಕು ಜನರ ಜೊತೆ ಹರಟಬಹುದು. ಆ ಸುಖ ಬೇಕಿದ್ದರೆ ಪಟ್ಟಿ ಸಾಕು.

ಇನ್ನು ಆನ್‌ಲೈನ್. ಇಲ್ಲಿ ಐದರಲ್ಲಿ ಮೂರು ಮುಗಿಸಿದೆ, ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ. ಇದರ ಹಿಂದಿನ ಉಪಾಯ ಬಹಳ ಸರಳ. ಅಮೆಜಾನ್‌ನವರು 1998ರ ಸುಮಾರಿಗೆ ಇದನ್ನು ಶುರು ಮಾಡಿ, 2003ರಲ್ಲಿ ಅದರ ಬಗ್ಗೆ ಲೇಖನವನ್ನೂ ಪ್ರಕಟಿಸಿದರು. ನಿಮ್ಮ ಹಾಗೆ ಇರುವ ಇನ್ನೊಬ್ಬ ಓದುಗನನ್ನು ಹುಡುಕುವ ಬದಲು, ಒಂದು ವಸ್ತುವಿನ ಜೊತೆ ಇನ್ಯಾವ ವಸ್ತುವನ್ನು ಜನ ಹೆಚ್ಚಾಗಿ ಕೊಳ್ಳುತ್ತಾರೆ ಅಂತ ಮೊದಲೇ ಜೋಡಿ ಮಾಡಿಟ್ಟುಕೊಳ್ಳುವುದು. ನೀವು ಒಂದನ್ನು ಕೊಂಡ ತಕ್ಷಣ ಅದರ ಜೋಡಿ ಎದುರಿಗೆ ಬರುತ್ತದೆ. ಕೋಟಿಗಟ್ಟಲೆ ಗಿರಾಕಿಗಳಿದ್ದರೂ ವೇಗ ಕಡಿಮೆಯಾಗುವುದಿಲ್ಲ. ಈಗ ಇದರ ಮೇಲೆ ಇನ್ನೂ ಏನೇನೋ ಸೇರಿದೆ, ಆದರೆ ಬುಡ ಅದೇ.

ನನಗೆ ಇದು ಎಲ್ಲಿ ಕೆಲಸ ಮಾಡಿತು ಗೊತ್ತಾ? ಒಂದೇ ವಿಷಯದ ಒಳಗೆ. ಭೂಪಟಗಳ ಇತಿಹಾಸದ ಬಗ್ಗೆ ಒಂದು ಪುಸ್ತಕ ತರಿಸಿದ್ದೆ. ಅದು ತೋರಿಸಿದ ಮುಂದಿನ ಎರಡು ಪುಸ್ತಕವೂ ಸರಿಯಾಗೇ ಇದ್ದವು, ಎರಡನ್ನೂ ಖುಷಿಯಿಂದ ಮುಗಿಸಿದೆ. ಅಂಗಡಿಯವರಿಗೆ ಆ ಪುಸ್ತಕಗಳ ಹೆಸರೂ ಗೊತ್ತಿರಲಿಲ್ಲ. ಆದರೆ ಕಾದಂಬರಿ ವಿಷಯಕ್ಕೆ ಬಂದಾಗ ಎಡವಿತು. ಈ ಲೆಕ್ಕ ಶುರು ಮಾಡುವ ಮುಂಚೆ ಅಲ್ಲಿ ಕೊಂಡ ಒಂದು ಕಾದಂಬರಿಯನ್ನು ನಾನು 35ನೇ ಪುಟಕ್ಕೆ ಬಿಟ್ಟಿದ್ದೆ, ಬೇಸರ ಬಂದು ಬಿಟ್ಟದ್ದು, ಮತ್ತೆ ಮುಟ್ಟಲಿಲ್ಲ. ಆ ವೆಬ್‌ಸೈಟ್‌ಗೆ ಅದೆಲ್ಲಿ ಗೊತ್ತು? ಕೊಂಡಿದ್ದೀನಿ ಅಂತ ಮಾತ್ರ ಗೊತ್ತು. ಅದೇ ಲೇಖಕರ ಇನ್ನೊಂದು, ಅದೇ ಥರದ ಮತ್ತೊಂದು ಅಂತ ತಿಂಗಳುಗಟ್ಟಲೆ ತೋರಿಸಿತು. ಒಬ್ಬರ ಮದುವೆಗೆ ಉಡುಗೊರೆ ಕೊಡಲು ಅಡುಗೆ ಪುಸ್ತಕ ಕೊಂಡಿದ್ದೆ, ಅದರ ನೆಂಟರೆಲ್ಲ ಬಂದು ಕೂತರು. ಇನ್ನೊಂದು ಕಷ್ಟ, ಯಾರೂ ಕೊಳ್ಳದ ಪುಸ್ತಕಕ್ಕೆ ಜೋಡಿಯೇ ಸಿಗುವುದಿಲ್ಲ. ಸಣ್ಣ ಪ್ರಕಾಶಕರು ತಂದ ಹೊಸ ಲೇಖಕರ ಪುಸ್ತಕ ಈ ದಾರಿಯಲ್ಲಿ ನಮ್ಮ ಕಣ್ಣಿಗೆ ಬೀಳುವುದು ಬಹಳ ಕಷ್ಟ. ಇದು ನನಗೆ ನಿಜವಾಗಿ ಬೇಸರದ ವಿಷಯ.

ನಕ್ಷತ್ರ ನೋಡಿ ಕೊಳ್ಳಬಹುದಲ್ಲ ಅಂತ ಕೇಳಬಹುದು. ಅದನ್ನೂ ನೋಡಿದೆ. ಓದುಗರು ಪುಸ್ತಕಕ್ಕೆ ಐದರಲ್ಲಿ ಇಷ್ಟು ನಕ್ಷತ್ರ ಅಂತ ಕೊಡುವ ಗುಡ್‌ರೀಡ್ಸ್‌ನಂಥ ವೆಬ್‌ಸೈಟ್‌ಗಳಲ್ಲಿ ಹೆಚ್ಚಿನ ಪುಸ್ತಕಗಳ ಸರಾಸರಿ ಮೂರೂವರೆಯಿಂದ ನಾಲ್ಕೂಕಾಲರ ಒಳಗೇ ಇರುತ್ತದೆ. ನಾನು ಬಿಟ್ಟ ಪುಸ್ತಕಗಳು, ಮುಗಿಸಿದ ಪುಸ್ತಕಗಳು ಎರಡೂ ಅದೇ ಜಾಗದಲ್ಲಿ ಇದ್ದವು. ಅಂಕೆ ನೋಡಿ ಏನೂ ತಿಳಿಯಲಿಲ್ಲ. ಎರಡು ನಕ್ಷತ್ರ ಕೊಟ್ಟವರು ಬರೆದ ಕಾರಣ ಓದಿದರೆ ಮಾತ್ರ ಸ್ವಲ್ಪ ಸುಳಿವು ಸಿಗುತ್ತದೆ. ‘ಏನೂ ನಡೆಯೋದೇ ಇಲ್ಲ’ ಅಂತ ಯಾರೋ ಬೈದಿದ್ದರೆ ನನಗೆ ಅದು ಇಷ್ಟವಾಗುವ ಪುಸ್ತಕ.

ಈಗ ಅಂಗಡಿ. ಐದರಲ್ಲಿ ನಾಲ್ಕು ಮುಗಿಸಿದೆ. ನಾಲ್ಕರಲ್ಲಿ ಮೂರನ್ನು ನಾನಾಗಿಯೇ ಹೋಗಿದ್ದರೆ ಕೈಗೆತ್ತಿಕೊಳ್ಳುತ್ತಲೇ ಇರಲಿಲ್ಲ.

ಮೊದಲ ದಿನ ಹೋಗಿ, ಏನಾದರೂ ಒಳ್ಳೆಯ ಪುಸ್ತಕ ಹೇಳಿ ಅಂದೆ. ನಿಮಗೆ ಯಾವ ಥರದ್ದು ಇಷ್ಟ ಅಂತ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು, “ಇತ್ತೀಚೆಗೆ ಯಾವ ಪುಸ್ತಕ ಅರ್ಧಕ್ಕೇ ಬಿಟ್ರಿ?” ನನಗೆ ನಾಚಿಕೆಯಾಯಿತು, ಆದರೂ ಎರಡು ಮೂರು ಹೆಸರು ಹೇಳಿದೆ. “ಎಲ್ಲಿಗೆ ಬಿಟ್ರಿ? ಯಾಕೆ?” ಒಂದರಲ್ಲಿ ಪಾತ್ರಗಳು ಜಾಸ್ತಿ, ನೆನಪೇ ಇರುತ್ತಿರಲಿಲ್ಲ ಅಂದೆ. ಇನ್ನೊಂದರಲ್ಲಿ ಎಲ್ಲರೂ ಬರೀ ಮಾತಾಡುತ್ತಾರೆ, ಯಾರೂ ಕೈಯಿಂದ ಒಂದು ಕೆಲಸ ಮಾಡುವುದಿಲ್ಲ ಅಂದೆ. ಇದನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ನನಗೇ ಗೊತ್ತಿತ್ತೋ ಇಲ್ಲವೋ. ಅವರು ಎದ್ದು ಹೋಗಿ, ಕೆಳಗಿನ ಸಾಲಿನಿಂದ ಒಂದು ತೆಳ್ಳಗಿನ ಕಾದಂಬರಿ ತಂದರು. ಬೆನ್ನುಡಿ ತೋರಿಸಲಿಲ್ಲ. ಮಧ್ಯದಲ್ಲಿ ಒಂದು ಪುಟ ಬಿಚ್ಚಿ ಕೈಗಿಟ್ಟು, ಬೇರೆ ಗಿರಾಕಿಯ ಬಿಲ್ ಮಾಡಲು ಹೋದರು. ಆ ಪುಟದಲ್ಲಿ ಒಬ್ಬ ಹೆಂಗಸು ತೀರಿಹೋದ ತಾಯಿಯ ಮನೆ ಖಾಲಿ ಮಾಡುತ್ತಾ ಒಂದೊಂದೇ ಪಾತ್ರೆ ಒರೆಸಿ ಪೇಪರಿನಲ್ಲಿ ಸುತ್ತಿಡುತ್ತಿದ್ದಳು. ನಾನು ನಿಂತಲ್ಲೇ ಆರು ಪುಟ ಓದಿದೆ.

ಆ ಅಂಗಡಿಯ ಕಪಾಟುಗಳಲ್ಲಿ ಅಲ್ಲಲ್ಲಿ ಕೈಬರಹದ ಚೀಟಿ ಅಂಟಿಸಿರುತ್ತಾರೆ. ಒಂದರ ಮೇಲೆ ಹೀಗಿತ್ತು: “ಮೊದಲ 40 ಪುಟ ನಿಧಾನ. ತಡೆದುಕೊಳ್ಳಿ. ದೋಣಿ ಬಂದ ಮೇಲೆ ನಿಮ್ಮನ್ನು ಬಿಡುವುದಿಲ್ಲ.” ಪುಸ್ತಕದ ತಪ್ಪನ್ನೂ ಅವರೇ ಹೇಳಿದ್ದರಿಂದ ನಾನು ನಂಬಿದೆ. 38ನೇ ಪುಟದಲ್ಲಿ ಬಿಡೋಣ ಅನಿಸಿದಾಗ ಆ ಚೀಟಿ ನೆನಪಾಯಿತು. 43ರಲ್ಲಿ ದೋಣಿ ಬಂತು. ಆ ರಾತ್ರಿ ಎರಡು ಗಂಟೆಯವರೆಗೆ ಓದಿದೆ. ‘ಅದ್ಭುತ’, ‘ಓದಲೇಬೇಕು’ ಅಂತ ಮಾತ್ರ ಬರೆದ ಚೀಟಿಗಳೂ ಅಲ್ಲಿದ್ದವು, ಅಂಥ ಒಂದನ್ನು ನಂಬಿ ತಂದ ಪುಸ್ತಕವೇ ನಾನು ಮುಗಿಸದೆ ಬಿಟ್ಟ ಐದನೆಯದು. ಅದರ ಬಗ್ಗೆ ಅಂಗಡಿಯವರನ್ನು ಕೇಳಿದಾಗ, ಅದು ಅವರ ಸ್ವಂತ ಇಷ್ಟದ ಲೇಖಕರು ಅಂತ ಗೊತ್ತಾಯಿತು. ಹೇಳುವವರಿಗೆ ಪ್ರೀತಿ ಜಾಸ್ತಿಯಾದಾಗ ಕೇಳುವವರ ರುಚಿ ಮರೆತುಹೋಗುತ್ತದೆ ಅಲ್ವಾ, ಅದು ನನಗೂ ಆಗುತ್ತದೆ.

ಸಣ್ಣ ಅಂಗಡಿಯವರಿಗೂ ಮಾರಬೇಕಾದ ಒತ್ತಡ ಇದ್ದೇ ಇದೆ. ಆದರೆ ಹಲವು ಕಡೆ ಶಾಖೆಗಳಿರುವ ದೊಡ್ಡ ಸರಣಿ ಅಂಗಡಿಗಳಲ್ಲಿ, ಒಳಗೆ ಹೋದ ಕೂಡಲೇ ಕಾಣುವ ಮುಂದಿನ ಮೇಜು ಬೇರೆ ಥರ. ಅಲ್ಲಿ ಪುಸ್ತಕ ಇಡಿಸಲು ಪ್ರಕಾಶಕರು ಹಣ ಕೊಡುವ ಪದ್ಧತಿ ಇತ್ತು, ಹಲವು ಕಡೆ ಇನ್ನೂ ಇದೆ. ಲಂಡನ್‌ನಲ್ಲಿ 1990ರಿಂದ ಸ್ವಂತ ಅಂಗಡಿ ನಡೆಸುತ್ತಿದ್ದ ಜೇಮ್ಸ್ ಡಾಂಟ್, 2011ರಲ್ಲಿ ವಾಟರ್‌ಸ್ಟೋನ್ಸ್ ಎಂಬ ದೊಡ್ಡ ಸರಣಿಯ ಮುಖ್ಯಸ್ಥರಾದಾಗ ಆ ಹಣ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ಯಾವ ಪುಸ್ತಕ ಮುಂದಿಡಬೇಕು ಅನ್ನುವುದನ್ನು ಆಯಾ ಅಂಗಡಿಯ ಸಿಬ್ಬಂದಿಗೆ ಬಿಟ್ಟರು. ಮಾರಾಟವಾಗದೆ ಪ್ರಕಾಶಕರಿಗೆ ವಾಪಸ್ ಹೋಗುವ ಪ್ರತಿಗಳು ಬಹಳ ಕಡಿಮೆಯಾದವು. ಓದಿದವರೇ ಆರಿಸಿಟ್ಟರೆ ಪುಸ್ತಕ ಸರಿಯಾದ ಕೈಗೆ ಹೋಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಜಪಾನ್‌ನ ಹೊಕ್ಕೈಡೋದಲ್ಲಿ ಇವಾತಾ ಶೋತೆನ್ ಅಂತ ಒಂದು ಸಣ್ಣ ಪುಸ್ತಕದಂಗಡಿ ಇದೆ. ಅಲ್ಲಿಗೆ ನೀವು ನಿಮ್ಮ ಬದುಕು, ಓದಿನ ಬಗ್ಗೆ ಪ್ರಶ್ನೆಗಳಿಗೆ ಉತ್ತರ ಬರೆದು ಕಳಿಸಿದರೆ, ಅದನ್ನು ಓದಿ ನಿಮಗೊಪ್ಪುವ ಪುಸ್ತಕಗಳನ್ನು ಅವರೇ ಆರಿಸಿ ಕಳಿಸುತ್ತಾರೆ. ಅದಕ್ಕೆ ಬಹಳ ಬೇಡಿಕೆ ಇದೆ. ಟೋಕಿಯೋದ ಗಿಂಜಾದಲ್ಲಿ 2015ರಲ್ಲಿ ಶುರುವಾದ ಮೊರಿಯೋಕಾ ಶೋತೆನ್ ಇನ್ನೂ ಬೇರೆ, ವಾರಕ್ಕೆ ಒಂದೇ ಪುಸ್ತಕ ಮಾರುತ್ತದೆ. ಅಲ್ಲಿ ಶಿಫಾರಸು ಕೇಳುವ ಪ್ರಶ್ನೆಯೇ ಇಲ್ಲ. ನನಗೆ ಮೊದಲನೆಯದು ಹೆಚ್ಚು ಇಷ್ಟ, ಯಾಕೆಂದರೆ ಅಲ್ಲಿ ಪುಸ್ತಕಕ್ಕೆ ಮುಂಚೆ ಓದುವವರನ್ನು ನೋಡುತ್ತಾರೆ. ನಮ್ಮ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಗಳಿಗೆ ಹಾಕಿಕೊಟ್ಟ ಐದು ಸೂತ್ರಗಳಲ್ಲಿ ಎರಡು ಇದನ್ನೇ ಹೇಳುತ್ತವೆ: ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ. ಆನ್‌ಲೈನ್‌ನವರು ಮೊದಲನೆಯದಕ್ಕೆ ಬಹಳ ಶ್ರಮ ಹಾಕಿದ್ದಾರೆ. ಎರಡನೆಯದಕ್ಕೆ, ಅಂದರೆ ಕೆಳಗಿನ ಸಾಲಿನಲ್ಲಿ ಕೂತಿರುವ ಯಾರಿಗೂ ಗೊತ್ತಿಲ್ಲದ ಆ ತೆಳ್ಳಗಿನ ಪುಸ್ತಕಕ್ಕೆ, ಓದುಗರನ್ನು ಹುಡುಕಿಕೊಡುವವರು ಅಂಗಡಿಯವರೇ.

ಹಾಗಂತ ಎಲ್ಲವನ್ನೂ ಅಲ್ಲೇ ಕೊಳ್ಳಿ ಅನ್ನುತ್ತಿಲ್ಲ. ವಿಷಯ ಗೊತ್ತಿದೆ, ಅದರಲ್ಲೇ ಇನ್ನೊಂದು ಬೇಕು ಅಂದರೆ ಆನ್‌ಲೈನ್‌ನಲ್ಲಿ ಹುಡುಕಿ. ಏನು ಬೇಕು ಅಂತಲೇ ಗೊತ್ತಿಲ್ಲ, ಓದು ನಿಂತುಹೋಗಿದೆ, ಅಂಥ ಹೊತ್ತಿನಲ್ಲಿ ಅಂಗಡಿಗೆ ಹೋಗಿ. ಹೋಗುವಾಗ ಜನ ಇಲ್ಲದ ಸಮಯ ನೋಡಿ ಹೋಗಿ, ಅವರಿಗೂ ಮಾತಾಡಲು ಬಿಡುವಿರುತ್ತದೆ. ಇಷ್ಟವಾದ ಪುಸ್ತಕದ ಜೊತೆ ಬಿಟ್ಟ ಪುಸ್ತಕವನ್ನೂ ಹೇಳಿ. ‘ಇದು ನೀವೇ ಓದಿದ್ದಾ?’ ಅಂತ ಕೇಳಲು ಸಂಕೋಚ ಬೇಡ, ಓದಿಲ್ಲ ಅಂತ ನೇರವಾಗಿ ಹೇಳುವ ಅಂಗಡಿಯವರು ಸಿಕ್ಕರೆ ಅವರನ್ನು ಬಿಡಬೇಡಿ. ಓದಿದ ಮೇಲೆ ವಾಪಸ್ ಹೋಗಿ ಹೇಗಿತ್ತು ಅಂತ ಹೇಳಿ. ನನ್ನ ಮಟ್ಟಿಗೆ ಮೂರನೇ ಸಲದಿಂದ ಅವರ ಆಯ್ಕೆ ಇನ್ನೂ ಹತ್ತಿರ ಬಂತು.

ಈಗ ಪರ್ಸ್‌ನಲ್ಲಿ ಒಂದು ಮಡಿಚಿದ ಕಾಗದ ಇಟ್ಟುಕೊಂಡಿದ್ದೇನೆ. ಬಿಟ್ಟ ಪುಸ್ತಕ, ಬಿಟ್ಟ ಪುಟ, ಬಿಟ್ಟ ಕಾರಣ. 11 ಸಾಲು ಆಗಿದೆ. ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಅದನ್ನು ತೆಗೆದುಕೊಂಡು ಹೋಗುತ್ತೇನೆ.